ಕೊನೆಯ ಮಾತು ಯಾರದ್ದು? ಸಂಘ, ಟ್ರಸ್ಟ್, ಕಂಪನಿ ಮತ್ತು ಅವನ್ನು ನಡೆಸುವವರು

(ಕಾಸರಗೋಡಿನ ಕನ್ನಡ ಸಂಘಸಂಸ್ಥೆಗಳ ಪದಾಧಿಕಾರಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸಂಘ ಮಾಡುವುದೋ ಟ್ರಸ್ಟ್ ಮಾಡುವುದೋ, ಯಾವುದಕ್ಕೆ ಖರ್ಚು ಕಡಿಮೆ? ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ಇದು. ಎರಡರ ಖರ್ಚೂ ಭರಿಸಲಾರದಷ್ಟೇನಲ್ಲ. ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೇಳಿಕೊಳ್ಳಿ. ಇವತ್ತು ಒಟ್ಟಿಗೆ ಕೂತು ಚಹಾ ಕುಡಿಯುತ್ತಿರುವ ನಿಮ್ಮಲ್ಲಿ ಹತ್ತು ವರ್ಷ ಕಳೆದು ಎರಡು ಅಭಿಪ್ರಾಯ ಬಂದರೆ, ಕೊನೆಯ ಮಾತು ಯಾರದ್ದಾಗಬೇಕು? ಚಂದಾ ಕೊಡುವ ಸದಸ್ಯರದ್ದು ಎಂದಾದರೆ ನಿಮಗೆ ಬೇಕಾದ್ದು ಸಂಘ, ಅಂದರೆ ಸೊಸೈಟಿ. ಸ್ಥಾಪಕರು ಆರಿಸಿದ ಕೆಲವರದ್ದು ಎಂದಾದರೆ ಟ್ರಸ್ಟ್. ಹೆಸರು ದಾಖಲಾದ, ಕಾನೂನಿಗೆ ವರ್ಷವರ್ಷ ಲೆಕ್ಕ ಒಪ್ಪಿಸುವ ನಿರ್ದೇಶಕರದ್ದು ಎಂದಾದರೆ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಕಂಪನಿ. ಇದನ್ನು ಮೊದಲೇ ತೀರ್ಮಾನಿಸದೆ ಯಾರದೋ ಬೈಲಾದ, ಅಂದರೆ ನಿಯಮಾವಳಿಯ, ಜೆರಾಕ್ಸ್ ತಂದು ಹೆಸರು ಮಾತ್ರ ಬದಲಾಯಿಸಿ ನೋಂದಾಯಿಸಿದ ಸಂಸ್ಥೆಗಳೇ ಮುಂದೆ ಕೋರ್ಟು ಹತ್ತುವುದು ಹೆಚ್ಚು.

ಅದಕ್ಕೂ ಮುಂಚಿನ ಮಾತೊಂದು ಉಂಟು. ಎಲ್ಲವನ್ನೂ ನೋಂದಾಯಿಸಲೇಬೇಕೆಂದಿಲ್ಲ. ವರ್ಷಕ್ಕೊಂದು ಏಕಾಹ ಭಜನೆ, ಒಂದು ತಾಳಮದ್ದಳೆ, ಊರಲ್ಲಿ ಎತ್ತಿದ ಹಣ ಅದೇ ರಾತ್ರಿ ಖರ್ಚು, ಮರುದಿನ ಬೋರ್ಡಿನಲ್ಲಿ ಲೆಕ್ಕ. ಇಷ್ಟೇ ಕೆಲಸವಾದರೆ ನೋಂದಣಿ ಮಾಡಿ ಪ್ರತಿ ವರ್ಷ ಕಾಗದ ಸಲ್ಲಿಸುವ ಹೊರೆ ಯಾಕೆ? ಜಾಗ ಕೊಳ್ಳುವುದು, ಕಟ್ಟಡ ಕಟ್ಟುವುದು, ಸರ್ಕಾರದ ಅನುದಾನ ಪಡೆಯುವುದು, ಸಂಬಳಕ್ಕೆ ಜನ ಇಡುವುದು, ವರ್ಷದಿಂದ ವರ್ಷಕ್ಕೆ ಹಣ ಉಳಿಸಿಡುವುದು, ಇವುಗಳಲ್ಲಿ ಒಂದು ಬಂದರೂ ನೋಂದಣಿ ಬೇಕೇ ಬೇಕು. ನೋಂದಣಿಯಾಗದ ಸಂಘದ ಹಣ ಯಾರೋ ಒಬ್ಬರ ಸ್ವಂತ ಖಾತೆಯಲ್ಲಿ ಇರುತ್ತದೆ. ಅವರಿಗೆ ಏನಾದರೂ ಆದರೆ ಆ ಹಣ ಸಂಘದ್ದೆಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಈಗ ಸಂಘದ ವಿಷಯ. ಇಲ್ಲಿ ನಮ್ಮ ಜಿಲ್ಲೆಯ ಒಂದು ವಿಶೇಷವನ್ನು ಗಮನಿಸಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕೇರಳಕ್ಕೆ ಸೇರಿದ ಮೇಲೂ ಇಲ್ಲಿಗೆ, ಮಲಬಾರಿನ ಉಳಿದ ಭಾಗಕ್ಕೆ ಅನ್ವಯಿಸುವಂತೆ, 1860ರ ಸೊಸೈಟಿ ನೋಂದಣಿ ಕಾಯ್ದೆಯೇ ಉಳಿಯಿತು. ತಿರುವಾಂಕೂರು-ಕೊಚ್ಚಿ ಭಾಗದಲ್ಲಿ 1955ರ ಬೇರೊಂದು ಕಾಯ್ದೆ. ಆದ್ದರಿಂದ ಎರ್ನಾಕುಳಂನ ಸಂಘವೊಂದರ ಬೈಲಾವನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಅದರೊಳಗಿನ ಸೆಕ್ಷನ್ ಸಂಖ್ಯೆಗಳು ನಮಗೆ ಹೊಂದುವುದಿಲ್ಲ. ಮಂಗಳೂರಿನದ್ದನ್ನು ತಂದರೂ ಅದೇ ಪಾಡು. ಅಲ್ಲಿಯದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, ನೋಂದಣಿ ಸಹಕಾರ ಇಲಾಖೆಯಲ್ಲಿ. ನಮ್ಮಲ್ಲಿ ನೋಂದಣಿ ಇಲಾಖೆಯ ಜಿಲ್ಲಾ ರಿಜಿಸ್ಟ್ರಾರರ ಕಚೇರಿಯಲ್ಲಿ. ತಾಳವಾಡಿ, ಹೊಸೂರು ಕಡೆಯವರಿಗೆ ತಮಿಳುನಾಡಿನ 1975ರ ಕಾಯ್ದೆ, ಮಡಕಶಿರಾ, ರಾಯದುರ್ಗ ಕಡೆಯವರಿಗೆ ಆಂಧ್ರದ 2001ರ ಕಾಯ್ದೆ. ಅಕ್ಕಲಕೋಟೆ, ಜತ್ತದ ಕನ್ನಡಿಗರಿಗೆ ಇನ್ನೂ ಒಂದು ಸುತ್ತು ಹೆಚ್ಚು. ಮಹಾರಾಷ್ಟ್ರದಲ್ಲಿ ಸೊಸೈಟಿಯಾಗಿ ನೋಂದಾಯಿಸಿದರೂ ಸಾರ್ವಜನಿಕ ಟ್ರಸ್ಟ್ ಎಂದು ಚಾರಿಟಿ ಕಮಿಷನರ್ ಕಚೇರಿಯಲ್ಲೂ ನೋಂದಾಯಿಸಬೇಕು. ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಅಲ್ಲಿಗೆ ವರದಿ ಹೋಗಬೇಕು, ಜಾಗ ಮಾರಲು ಕಮಿಷನರರ ಮುಂಗಡ ಅನುಮತಿ ಬೇಕು.

1860ರ ಕಾಯ್ದೆಯಂತೆ ಕನಿಷ್ಠ ಏಳು ಜನ ಸೇರಬೇಕು. ಎರಡು ಕಾಗದ ಮುಖ್ಯ. ಮೊದಲನೆಯದು ಮೆಮೊರಂಡಂ: ಸಂಘದ ಹೆಸರು, ಉದ್ದೇಶ, ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗ. ಎರಡನೆಯದು ಬೈಲಾ, ಅದರ ಪ್ರತಿಗೆ ಸಮಿತಿಯ ಕನಿಷ್ಠ ಮೂವರು ದೃಢೀಕರಿಸಿ ಸಹಿ ಹಾಕಬೇಕು. ಕಚೇರಿ ಬಾಡಿಗೆ ಕಟ್ಟಡದಲ್ಲಿದ್ದರೆ ಮಾಲೀಕರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಕನ್ನಡದಲ್ಲಿ ಪತ್ರ ಬರೆಯುವುದು ನಿಮ್ಮ ಹಕ್ಕು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅವರ ಪ್ರದೇಶದ ಸರ್ಕಾರಿ ಕಚೇರಿಗಳೊಂದಿಗೆ ಅವರದೇ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಆದರೆ ಬೈಲಾದ ಇಂಗ್ಲಿಷ್ ಪ್ರತಿಯನ್ನೂ ಮೊದಲೇ ಮಾಡಿಸಿಕೊಳ್ಳಿ. ಬ್ಯಾಂಕಿನವರು, ಆದಾಯ ತೆರಿಗೆಯವರು ಅದನ್ನು ಕೇಳಿಯೇ ಕೇಳುತ್ತಾರೆ, ಆಗ ಅವಸರದಲ್ಲಿ ಮಾಡಿಸಿದ ಅನುವಾದಕ್ಕೂ ಮೂಲಕ್ಕೂ ತಾಳೆಯಾಗುವುದಿಲ್ಲ.

ಉದ್ದೇಶದ ಕಲಂ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ. ಸಾಮಾನ್ಯವಾಗಿ ಅಲ್ಲಿ ಕಾಣುವುದು ಹೀಗೆ: "ಕಲೆ, ಸಾಹಿತ್ಯ, ಕ್ರೀಡೆ, ಶಿಕ್ಷಣ, ಆರೋಗ್ಯ, ಕೃಷಿ, ಮಹಿಳಾ ಸಬಲೀಕರಣ, ಪರಿಸರ ಮತ್ತು ಇತರ ಎಲ್ಲ ಸಮಾಜಸೇವೆ." ಬರೆದವರ ಲೆಕ್ಕ ಸರಳ, ಮುಂದೆ ಯಾವುದಕ್ಕೂ ಅಡ್ಡಿಯಾಗಬಾರದು. ಆದರೆ ಎಲ್ಲವನ್ನೂ ಬರೆದ ಉದ್ದೇಶ ಯಾವುದನ್ನೂ ತಡೆಯುವುದಿಲ್ಲ. ಯಕ್ಷಗಾನ ಕಲಿಸಲೆಂದು ಕಟ್ಟಿದ ಸಂಘದ ಹಣದಲ್ಲಿ ಹೊಸ ಅಧ್ಯಕ್ಷರು ಕ್ರಿಕೆಟ್ ಪಂದ್ಯಾಟ ಮಾಡಿಸಿದರೆ ಬೈಲಾ ತೋರಿಸಿ ಆಕ್ಷೇಪಿಸಲು ದಾರಿಯೇ ಇರುವುದಿಲ್ಲ. ಹೀಗೆ ಬರೆದು ನೋಡಿ: "ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳ ಮುಮ್ಮೇಳಗಳನ್ನು ಕಲಿಸುವುದು, ಅದಕ್ಕೆ ಬೇಕಾದ ಗುರುಗಳನ್ನು ನೇಮಿಸುವುದು, ಪ್ರಸಂಗಗಳ ಹಸ್ತಪ್ರತಿಗಳನ್ನು ಸಂಗ್ರಹಿಸಿ ಕಾಪಾಡುವುದು, ಈ ಕೆಲಸಗಳಿಗೆ ಪೂರಕವಾದ ಪ್ರದರ್ಶನ, ಪ್ರಕಟಣೆ." ಎಲ್ಲಿ, ಏನು, ಹೇಗೆ ಎಂಬ ಮೂರೂ ಬಂತು. "ಪೂರಕವಾದ" ಎಂದು ಸೇರಿಸಿದ್ದರಿಂದ ಉಸಿರಾಡಲು ಜಾಗವೂ ಸಿಕ್ಕಿತು.

ಮುಂದೆ ಉದ್ದೇಶ ಬದಲಾಯಿಸಬೇಕೆಂದರೆ? ಸಮಿತಿ ಸೇರಿ ಒಂದು ನಿರ್ಣಯ ಬರೆದರೆ ಸಾಲದು. 1860ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪ್ರಸ್ತಾಪದ ಲಿಖಿತ ವರದಿ ಸಭೆಗೆ ಹತ್ತು ದಿನ ಮೊದಲೇ ಪ್ರತಿಯೊಬ್ಬ ಸದಸ್ಯರಿಗೂ ತಲುಪಬೇಕು ಅಥವಾ ಅಂಚೆಯಲ್ಲಿ ಹೋಗಿರಬೇಕು. ಆ ವಿಶೇಷ ಸಭೆಯಲ್ಲಿ ಸದಸ್ಯರ ಐದರಲ್ಲಿ ಮೂರು ಪಾಲು ಒಪ್ಪಬೇಕು, ಖುದ್ದಾಗಿಯೋ ಪ್ರಾಕ್ಸಿ (ತನ್ನ ಬದಲು ಮತ ಹಾಕಲು ನೇಮಿಸಿದವರು) ಮೂಲಕವೋ. ಒಂದು ತಿಂಗಳ ಅಂತರದಲ್ಲಿ ಕರೆದ ಎರಡನೇ ವಿಶೇಷ ಸಭೆಯಲ್ಲಿ ಹಾಜರಿದ್ದವರ ಐದರಲ್ಲಿ ಮೂರು ಪಾಲು ಅದನ್ನು ಸ್ಥಿರಪಡಿಸಬೇಕು. ಮೊದಲ ಸಭೆಗೆ ಕಾಯ್ದೆ ಹೇಳುವುದು "ಸದಸ್ಯರ" ಎಂದು, ಎರಡನೆಯದಕ್ಕೆ "ಹಾಜರಿದ್ದ ಸದಸ್ಯರ" ಎಂದು. 120 ಜನರ ಸಂಘದಲ್ಲಿ ಮೊದಲ ಸಭೆಗೆ 72 ಮತ ಬೇಕು. ಮೂವತ್ತು ಜನ ಬಂದು ಕೈ ಎತ್ತಿದ ಸಭೆಯ ತಿದ್ದುಪಡಿ ಯಾರಾದರೂ ಪ್ರಶ್ನಿಸಿದ ದಿನ ಬಿದ್ದುಹೋಗುತ್ತದೆ.

ಇಲ್ಲಿ 15ನೇ ಸೆಕ್ಷನ್ ಕೂಡ ಒಳಗೆ ಬರುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಇಟ್ಟವರಿಗೆ ಮತವಿಲ್ಲ, ಸದಸ್ಯರ ಲೆಕ್ಕದಲ್ಲೂ ಅವರು ಸೇರುವುದಿಲ್ಲ. 120ರಲ್ಲಿ 40 ಜನ ಬಾಕಿಯಲ್ಲಿದ್ದರೆ ಲೆಕ್ಕಕ್ಕೆ ಬರುವವರು 80, ಬೇಕಾದ ಮತ 48. ಈ ಒಂದೇ ಕಾರಣಕ್ಕೆ ಸದಸ್ಯರ ರಿಜಿಸ್ಟರ್ ಸಂಘದ ಅತಿ ಮುಖ್ಯ ಪುಸ್ತಕ. ನಮ್ಮ ಸಂಘಗಳಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಪುಸ್ತಕವೂ ಅದೇ. ಮಹಾಸಭೆಯ ಬಾಗಿಲಲ್ಲಿ ಒಂದು ಬಣ ಹತ್ತು ಜನರ ಹಳೇ ಬಾಕಿ ಕಟ್ಟಿಸಿ ಒಳಗೆ ಕರೆತರುತ್ತದೆ, ಇನ್ನೊಂದು ಬಣ ತಕರಾರು ತೆಗೆಯುತ್ತದೆ. ಇದು ಚುನಾವಣೆ ಇರುವ ಎಲ್ಲ ಕಡೆಯ ಕಥೆ. ಮದ್ದು ಸುಲಭ. ಮಹಾಸಭೆಗೆ ಇಷ್ಟು ದಿನ ಮುಂಚೆ, ಮೂವತ್ತು ಎಂದಿಟ್ಟುಕೊಳ್ಳಿ, ಚಂದಾ ಪಾವತಿಸಿದವರಿಗೆ ಮಾತ್ರ ಮತ ಎಂದು ಬೈಲಾದಲ್ಲೇ ಬರೆಯಿರಿ. ಆ ದಿನ ಸಂಜೆ ಪಟ್ಟಿಯನ್ನು ನೋಟೀಸು ಬೋರ್ಡಿಗೆ ಹಾಕಿ, ಫೋಟೋ ತೆಗೆದು ಸದಸ್ಯರ ವಾಟ್ಸಾಪ್ ಗುಂಪಿಗೆ ಕಳಿಸಿ.

ಮಹಾಸಭೆ ಮುಗಿದು ಹದಿನಾಲ್ಕು ದಿನದೊಳಗೆ ಹೊಸ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕೆಂದು 4ನೇ ಸೆಕ್ಷನ್ ಹೇಳುತ್ತದೆ. ಮಹಾಸಭೆಗೆ ಬೈಲಾದಲ್ಲಿ ವ್ಯವಸ್ಥೆಯೇ ಇಲ್ಲದಿದ್ದರೆ ಜನವರಿ ತಿಂಗಳಲ್ಲಿ. ಇದನ್ನು ನಾಲ್ಕೈದು ವರ್ಷ ಬಿಟ್ಟವರಿಗೆ ಏನಾಗುತ್ತದೆ? ಮೊದಲಿಗೆ ಏನೂ ಆಗುವುದಿಲ್ಲ. ಖಜಾಂಚಿ ಬದಲಾದಾಗ ಬ್ಯಾಂಕಿನವರು ರಿಜಿಸ್ಟ್ರಾರರು ದೃಢೀಕರಿಸಿದ ಪಟ್ಟಿ ಕೇಳುತ್ತಾರೆ. ಕಡತದಲ್ಲಿರುವುದು ಹಳೇ ಸಮಿತಿ. ಅದರಲ್ಲಿ ಇಬ್ಬರು ತೀರಿಹೋಗಿದ್ದಾರೆ, ಒಬ್ಬರು ಬೆಂಗಳೂರಿನಲ್ಲಿದ್ದಾರೆ. ಖಾತೆಗೆ ಬೀಗ, ಅನುದಾನದ ಕೊನೆಯ ದಿನ ಕಳೆದಿರುತ್ತದೆ. ಈ ಕಡತವನ್ನು ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು, ನಕಲು ಪಡೆಯಬಹುದು ಎಂಬುದೂ ನೆನಪಿರಲಿ. 19ನೇ ಸೆಕ್ಷನ್ ಆ ಹಕ್ಕನ್ನು ಸದಸ್ಯರಲ್ಲದವರಿಗೂ ಕೊಟ್ಟಿದೆ. ಮೊಕದ್ದಮೆ ಬಂದರೆ ಸಂಘದ ಪರವಾಗಿ ಯಾರ ಹೆಸರಿನಲ್ಲಿ ನಡೆಸಬೇಕು, ಅಧ್ಯಕ್ಷರೋ ಕಾರ್ಯದರ್ಶಿಯೋ ಎಂಬುದನ್ನೂ ಬೈಲಾದಲ್ಲಿ ಒಂದು ಸಾಲಲ್ಲಿ ಬರೆದಿಡಿ, 6ನೇ ಸೆಕ್ಷನ್ ಅದನ್ನೇ ಮೊದಲು ನೋಡುವುದು.

ಟ್ರಸ್ಟಿನ ವಿಷಯ ಬೇರೆ. ಕೇರಳದಲ್ಲಿ ಮಹಾರಾಷ್ಟ್ರದಂತೆ ಸಾರ್ವಜನಿಕ ಟ್ರಸ್ಟ್‌ಗಳಿಗೆಲ್ಲ ಅನ್ವಯಿಸುವ ಪ್ರತ್ಯೇಕ ಕಾಯ್ದೆಯಾಗಲಿ ಕಮಿಷನರ್ ಆಗಲಿ ಇಲ್ಲ. 1882ರ ಟ್ರಸ್ಟ್ ಕಾಯ್ದೆಯನ್ನು ಎಲ್ಲರೂ ಹೆಸರಿಸುತ್ತಾರೆ, ಆದರೆ ಅದು ಖಾಸಗಿ ಟ್ರಸ್ಟ್‌ಗಳಿಗೆ ಮಾಡಿದ್ದು, ಸಾರ್ವಜನಿಕ ಧರ್ಮಾದಾಯವನ್ನು ಅದರ ಮೊದಲ ಸೆಕ್ಷನ್ನೇ ಹೊರಗಿಟ್ಟಿದೆ. ಹಾಗಾಗಿ ನಿಮ್ಮ ಟ್ರಸ್ಟ್ ಡೀಡ್‌ನಲ್ಲಿ ಏನು ಬರೆದಿದ್ದೀರೋ ಅದೇ ನಿಮ್ಮ ಕಾನೂನು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಆ ದಸ್ತಾವೇಜನ್ನು ಟ್ರಸ್ಟಿಗಳು ಮನಬಂದಂತೆ ತಿದ್ದುವ ಹಾಗಿಲ್ಲ. ಆಡಳಿತ ಹಳಿ ತಪ್ಪಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಪ್ರಕಾರ ಅಡ್ವೊಕೇಟ್ ಜನರಲ್ ಅಥವಾ ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಟ್ರಸ್ಟಿಯನ್ನು ತೆಗೆಯುವುದು, ಲೆಕ್ಕ ಕೇಳುವುದು, ಹೊಸ ಯೋಜನೆ ರೂಪಿಸುವುದು ಎಲ್ಲವೂ ಆಗ ಕೋರ್ಟಿನ ಕೈಯಲ್ಲಿ.

ಟ್ರಸ್ಟ್ ಡೀಡ್‌ಗಳಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ, ಉತ್ತರಾಧಿಕಾರದ ಕಲಂನಲ್ಲಿ. ಐವರು ಟ್ರಸ್ಟಿಗಳು, ಐವರೂ ಜೀವಾವಧಿ. ಒಬ್ಬರು ತೀರಿದರೆ ಯಾರು ನೇಮಿಸಬೇಕು ಎಂದು ಬರೆದಿಲ್ಲ, ಅಥವಾ "ಅವರ ಹಿರಿಯ ಮಗ" ಎಂದು ಬರೆದಿದೆ. ಮಗ ದುಬೈಯಲ್ಲಿ, ಅವನಿಗೆ ಇದರಲ್ಲಿ ಆಸಕ್ತಿಯಿಲ್ಲ. ಇಪ್ಪತ್ತು ವರ್ಷದಲ್ಲಿ ಉಳಿಯುವವರು ಇಬ್ಬರು, ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಮೂರು. ಸಂಸ್ಥೆಗೆ ಜೀವವಿದೆ, ನಿರ್ಣಯ ಮಾಡುವ ಶಕ್ತಿಯಿಲ್ಲ. ಅದಕ್ಕೇ ಹೀಗೆ ಬರೆಯಿರಿ: ಟ್ರಸ್ಟಿಯ ಅವಧಿ ಐದು ವರ್ಷ, ಸತತ ಎರಡು ಅವಧಿಗಿಂತ ಹೆಚ್ಚಿಲ್ಲ, ಖಾಲಿಯಾದ ಸ್ಥಾನವನ್ನು ಉಳಿದವರು 60 ದಿನದಲ್ಲಿ ತುಂಬಬೇಕು, ಒಂದೇ ಕುಟುಂಬದಿಂದ ಇಬ್ಬರಿಗಿಂತ ಹೆಚ್ಚಿರಬಾರದು, ಕೋರಂಗೆ ಕಡಿಮೆಯಾದರೂ ಉಳಿದವರಿಗೆ ನೇಮಕದ ಮಟ್ಟಿಗೆ ಅಧಿಕಾರ ಉಂಟು. ಈ ಕೊನೆಯ ಸಾಲು ಇಲ್ಲದ್ದರಿಂದಲೇ ಎಷ್ಟೋ ಟ್ರಸ್ಟ್‌ಗಳು ಸಿಕ್ಕಿಹಾಕಿಕೊಳ್ಳುವುದು.

ಇನ್ನು ಸಂಸ್ಥೆಯ ಜಾಗ, ಸ್ಥಳದಾನದ ವಿಷಯ. ಆ ಮಾತು ಬಂದಾಗ ನಮ್ಮೂರಿನ ಎಡನೀರು ಮಠವನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ಸ್ವರೂಪದ ತತ್ವವನ್ನು ಸಾರಿದ ಕೇಶವಾನಂದ ಭಾರತಿ ಪ್ರಕರಣ ಶುರುವಾದದ್ದು ಒಂದು ಸಂಸ್ಥೆಯ ಜಾಗದಿಂದ. ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿಗೆ ಕುತ್ತು ಬಂದಾಗ ಎಡನೀರಿನ ಶ್ರೀಗಳು ಸುಪ್ರೀಂ ಕೋರ್ಟಿಗೆ ಹೋದರು. ಅವರು ಮುಂದಿಟ್ಟ ಹಕ್ಕುಗಳಲ್ಲಿ ಧಾರ್ಮಿಕ ಪಂಗಡಗಳು ಆಸ್ತಿ ಹೊಂದಿ ನಿರ್ವಹಿಸುವ 26ನೇ ವಿಧಿಯೂ ಒಂದು. ತೀರ್ಪಿನ ಮಹತ್ವ ದೇಶಕ್ಕೆಲ್ಲ ಗೊತ್ತು. ಜಾಗ ಸಂಸ್ಥೆಯ ಹೆಸರಿನಲ್ಲಿತ್ತೇ ವ್ಯಕ್ತಿಯ ಹೆಸರಿನಲ್ಲಿತ್ತೇ ಎಂಬ ಚಿಕ್ಕ ಪ್ರಶ್ನೆ ನಮ್ಮ ಕೆಲಸಕ್ಕೆ ಸಾಕು.

ಯಾಕೆಂದರೆ ಊರಿನ ಮಹನೀಯರೊಬ್ಬರು "ಹತ್ತು ಸೆಂಟ್ಸ್ ವಾಚನಾಲಯಕ್ಕೆ ಕೊಟ್ಟೆ" ಎಂದು ವೇದಿಕೆಯಲ್ಲಿ ಹೇಳಿದರೆ ದಾನ ಆಗುವುದಿಲ್ಲ. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ದಾನಪತ್ರ, ಅದಕ್ಕೆ ದಾನಿಯ ಸಹಿ, ಇಬ್ಬರು ಸಾಕ್ಷಿಗಳು ಬೇಕು. ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಬೇಕು. ಆದ್ದರಿಂದ ಮೊದಲು ಸಮಿತಿಯಲ್ಲಿ "ಈ ಸರ್ವೆ ನಂಬರಿನ ಇಷ್ಟು ಸೆಂಟ್ಸ್ ಜಾಗವನ್ನು ಸಂಘವು ಸ್ವೀಕರಿಸುತ್ತದೆ, ಸಂಘದ ಪರವಾಗಿ ಕಾರ್ಯದರ್ಶಿ ಸಹಿ ಹಾಕಬೇಕು" ಎಂದು ನಿರ್ಣಯ. ನಂತರ ದಾನಪತ್ರ ಸಂಘದ ಹೆಸರಿಗೆ, ನೋಂದಣಿ ಸಂಖ್ಯೆ ಸಹಿತ. ಆಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿ ತೀರ್ವೆ (ಭೂಕಂದಾಯ) ರಶೀದಿ ಸಂಘದ ಹೆಸರಲ್ಲಿ ಬರುವ ತನಕ ಬಿಡಬಾರದು. ನಂಬಿಕೆಯವರೆಂದು ಅಧ್ಯಕ್ಷರ ಸ್ವಂತ ಹೆಸರಿಗೆ ಬರೆಸಿಕೊಂಡ ಜಾಗ ಅವರ ನಂತರ ಅವರ ಮಕ್ಕಳ ಪಾಲುಪಟ್ಟಿಗೆ ಬರುತ್ತದೆ. ಆ ಮಕ್ಕಳು ಕೆಟ್ಟವರೆಂದಲ್ಲ, ಕಾಗದದಲ್ಲಿ ಅದು ಅಪ್ಪನ ಆಸ್ತಿ.

ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗಳವರೂ ಇಲ್ಲಿದ್ದೀರಿ. ನಿಮ್ಮ ದೇವಸ್ಥಾನ ಮಲಬಾರ್ ದೇವಸ್ವಂ ಬೋರ್ಡಿನ ವ್ಯಾಪ್ತಿಯಲ್ಲಿದ್ದರೆ ದೇವರ ಆಸ್ತಿಗೆ ಹೊಸದಾಗಿ ಟ್ರಸ್ಟ್ ಮಾಡಲು ಹೋಗಬೇಡಿ. ಸಮಿತಿ ಎತ್ತಿದ ಹಣದ ಲೆಕ್ಕ ಸಮಿತಿಯದ್ದು, ದೇವಸ್ಥಾನದ ಆಸ್ತಿ ದೇವಸ್ಥಾನದ್ದು, ಎರಡು ಪುಸ್ತಕ, ಎರಡು ಖಾತೆ.

ಕಂಪನಿಯ ಬಗ್ಗೆ ಎರಡೇ ಮಾತು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಲಾಭಾಂಶ ಹಂಚದ ಕಂಪನಿ ಮಾಡಬಹುದು, ಹಿಂದೆ ಇದೇ 1956ರ ಕಾಯ್ದೆಯ 25ನೇ ಸೆಕ್ಷನ್ ಆಗಿತ್ತು. ಇಬ್ಬರು ಸಾಕು, ಕೆಲಸ ದೇಶದ ಎಲ್ಲೆಡೆ ಮಾಡಬಹುದು, ಸೊಸೈಟಿಗಿಂತ ಗಟ್ಟಿಯಾದ ಪ್ರತ್ಯೇಕ ಕಾನೂನು ವ್ಯಕ್ತಿತ್ವ. ಬದಲಿಗೆ ಪ್ರತಿ ವರ್ಷ ಕಡ್ಡಾಯ ಆಡಿಟ್, ನಿರ್ದೇಶಕರ ಡಿಜಿಟಲ್ ಸಹಿ, ಆನ್‌ಲೈನ್ ವಿವರಗಳು, ತಡವಾದರೆ ದಿನಲೆಕ್ಕದ ದಂಡ. ಸಂಬಳದ ಸಿಬ್ಬಂದಿ, ಕಾಯಂ ಅಕೌಂಟೆಂಟ್ ಇಲ್ಲದವರಿಗೆ ಇದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಡೆಸುವವರ ಕಡೆಗೆ ಬರೋಣ. ಯಕ್ಷಗಾನದವರಿಗೆ ಬಿಡಿಸಿ ಹೇಳಬೇಕಿಲ್ಲ, ಭಾಗವತರು ರಂಗವನ್ನು ಆಳುತ್ತಾರೆ. ಯಾವ ಪದ ಹಾಡಬೇಕು, ಯಾವುದನ್ನು ಬಿಡಬೇಕು, ಯಾವ ವೇಷವನ್ನು ಎಷ್ಟು ಹೊತ್ತು ಕುಣಿಸಬೇಕು, ಎಲ್ಲ ಅವರ ಕೈಯಲ್ಲಿ. ಆದರೆ ಆಡುವೆವೆಂದು ಸಾರಿದ ಪ್ರಸಂಗವನ್ನು ಅವರು ನಡುರಾತ್ರಿ ಬದಲಾಯಿಸುವುದಿಲ್ಲ. ಸಂಘದ ಅಧ್ಯಕ್ಷರ ಸ್ಥಾನವೂ ಅಷ್ಟೇ. ಉದ್ದೇಶದ ಕಲಂ ಅವರ ಪ್ರಸಂಗ.

ಪ್ರತಿ ಸಮಿತಿ ಸಭೆಯಲ್ಲಿ ಇದನ್ನು ಜಾರಿಗೆ ತರುವ ದಾರಿ ಒಂದಿದೆ. ಹೊಸ ಕೆಲಸದ ಪ್ರಸ್ತಾಪ ಬಂದಾಗ ನಡಾವಳಿ ಪುಸ್ತಕದಲ್ಲಿ ನಾಲ್ಕು ವಿಷಯ ಕಡ್ಡಾಯ ಬರೆಯಿರಿ: ಇದು ಉದ್ದೇಶದ ಯಾವ ಉಪಕಲಂಗೆ ಸೇರುತ್ತದೆ, ಎಷ್ಟು ಖರ್ಚು ಮತ್ತು ಅದು ಎಲ್ಲಿಂದ, ಯಾರ ಜವಾಬ್ದಾರಿ, ಯಾವಾಗ ಮುಗಿಯುತ್ತದೆ. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಉಳಿದದ್ದನ್ನು ಚರ್ಚಿಸುವುದೇ ಬೇಡ. ಒಂದು ಮಾದರಿ ನೋಡಿ: "ನಿರ್ಣಯ 7. ಬೇಸಿಗೆಯ ಚೆಂಡೆ-ಮದ್ದಳೆ ತರಗತಿ, ಉದ್ದೇಶ 3(ಎ). ಅಂದಾಜು ವೆಚ್ಚ ರೂ. 42,000, ರೂ. 30,000 ಸಾಮಾನ್ಯ ನಿಧಿಯಿಂದ, ಉಳಿದದ್ದು ಶುಲ್ಕದಿಂದ. ಜವಾಬ್ದಾರಿ ಜತೆ ಕಾರ್ಯದರ್ಶಿ. ಮೇ 31ರೊಳಗೆ ಲೆಕ್ಕ ಮಂಡನೆ. ಪರ 8, ವಿರೋಧ 1." ವಿರೋಧಿಸಿದವರ ಕಾರಣವನ್ನೂ ಒಂದು ಸಾಲು ಬರೆಯಿರಿ. ನಡಾವಳಿಯಲ್ಲಿ ಬರೀ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದೇ ಇದ್ದರೆ ಓದಿದವರಿಗೆ ಅನುಮಾನ ಬರುತ್ತದೆ: ಒಂದೋ ಸಭೆ ಆಗಿಲ್ಲ, ಅಥವಾ ಯಾರೂ ಬಾಯಿ ಬಿಡುವುದಿಲ್ಲ.

ಸ್ಥಾಪಕರ ವಿಷಯ ಸೂಕ್ಷ್ಮ. ಮೂವತ್ತು ವರ್ಷ ದುಡಿದವರನ್ನು ಇಳಿಸುವುದು ಹೇಗೆ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರನ್ನು ಇಳಿಸುವ ಹೊಣೆಯನ್ನು ಜನರಿಗೆ ಬಿಡಬಾರದು, ಬೈಲಾಕ್ಕೆ ಬಿಡಬೇಕು. ಅವಧಿ ಎರಡು ವರ್ಷ, ಒಂದೇ ಹುದ್ದೆಯಲ್ಲಿ ಸತತ ಮೂರು ಅವಧಿ ಮಾತ್ರ. ಇಡೀ ಸಮಿತಿ ಒಟ್ಟಿಗೆ ಬದಲಾಗದಂತೆ ಪ್ರತಿ ಸಲ ಮೂರರಲ್ಲಿ ಒಂದು ಭಾಗ ನಿವೃತ್ತಿ. ಇಳಿದ ಹಿರಿಯರಿಗೆ ಗೌರವ ಸಲಹೆಗಾರರ ಸ್ಥಾನ ಕೊಡಿ, ಸಭೆಗೆ ಕರೆಯಿರಿ, ಚೆಕ್ಕಿಗೆ ಸಹಿ ಬೇಡ, ಮತವೂ ಬೇಡ. ನಮ್ಮ ಕಡೆ ಇನ್ನೊಂದು ರೋಗ ಉಂಟು: ಅಧ್ಯಕ್ಷರು ಮೂರು ಸಲ ಬದಲಾದರೂ ಕಾರ್ಯದರ್ಶಿ ಒಬ್ಬರೇ. ಪತ್ರವ್ಯವಹಾರ, ಇಮೇಲ್ ಪಾಸ್‌ವರ್ಡ್, ಆದಾಯ ತೆರಿಗೆ ಜಾಲತಾಣದ ಒಟಿಪಿ ಎಲ್ಲ ಅವರ ಮೊಬೈಲಿಗೆ. ಅವರು ಮುನಿಸಿಕೊಂಡರೆ ಸಂಘ ನಿಲ್ಲುತ್ತದೆ. ಸಂಘದ ಹೆಸರಲ್ಲೇ ಒಂದು ಸಿಮ್, ಒಂದು ಇಮೇಲ್ ಇರಲಿ.

ಹಿತಾಸಕ್ತಿ ಅಡ್ಡ ಬರುವ ಕಡೆ ಗಾಬರಿಪಡಬೇಡಿ, ಬರೆದಿಡಿ. ಅಧ್ಯಕ್ಷರ ತಮ್ಮನದೇ ಶಾಮಿಯಾನದ ಅಂಗಡಿ, ಊರಲ್ಲಿ ಬೇರೆ ಇಲ್ಲ. ಅವರಿಂದ ತೆಗೆದುಕೊಳ್ಳಬಾರದೆಂದು ಕಾನೂನು ಹೇಳುವುದಿಲ್ಲ. ಅಕ್ಕಪಕ್ಕದ ಊರಿನವನ್ನೂ ಸೇರಿಸಿ ಮೂರು ಕಡೆಯ ದರಪಟ್ಟಿ ತರಿಸಿ, ಆ ಚರ್ಚೆಯ ಹೊತ್ತಿಗೆ ಅಧ್ಯಕ್ಷರು ಹೊರಗೆ ಹೋದರು ಎಂದು ನಮೂದಿಸಿ, ಉಪಾಧ್ಯಕ್ಷರು ಸಹಿ ಹಾಕಲಿ. ಪೇಟೆಯ ದರಕ್ಕಿಂತ ಹೆಚ್ಚು ಕೊಟ್ಟರೆ ಮಾತ್ರ ಆದಾಯ ತೆರಿಗೆಯವರು ಅದನ್ನು ಪದಾಧಿಕಾರಿಯ ಬಂಧುವಿಗೆ ಕೊಟ್ಟ ಲಾಭ ಎಂದು ನೋಡುತ್ತಾರೆ, ಆ ಮೊತ್ತಕ್ಕೆ ತೆರಿಗೆ ಹಾಕುತ್ತಾರೆ.

ಆದಾಯ ತೆರಿಗೆಯನ್ನೇ ತೆಗೆದುಕೊಳ್ಳೋಣ. 12ಎಬಿ (ಸಂಸ್ಥೆಗೆ ತೆರಿಗೆ ವಿನಾಯಿತಿಯ ನೋಂದಣಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ) ಎಂದು ಬಾಯಲ್ಲಿ ಕೂತಿರುವ ಸಂಖ್ಯೆಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆಯ ಜಾರಿ 2026ರ ಏಪ್ರಿಲ್ 1ರಿಂದ, ಸಂಖ್ಯೆಗಳು ಅದರಲ್ಲಿ ಬೇರೆ. ಪರಿಚಯದ ಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ. ಸೊಸೈಟಿಯಾಗಿ ನೋಂದಾಯಿಸಿದ ಮಾತ್ರಕ್ಕೆ ತೆರಿಗೆ ವಿನಾಯಿತಿ ಬರುವುದಿಲ್ಲ, ಅದಕ್ಕೆ ಪ್ರತ್ಯೇಕ ನೋಂದಣಿ. ಹೊಸಬರಿಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ, ನಂತರ ಐದು ವರ್ಷದ್ದು. ಹಿಂದಿನ ಎರಡು ವರ್ಷಗಳಲ್ಲಿ ಆದಾಯ 5 ಕೋಟಿ ಮೀರದ ಸಣ್ಣ ಸಂಸ್ಥೆಗಳಿಗೆ ಈಗ ಹತ್ತು ವರ್ಷದ ಅವಧಿ. ಅವಧಿ ಮುಗಿಯುವ ಆರು ತಿಂಗಳ ಮುಂಚೆ ಅರ್ಜಿ ಹಾಕಬೇಕು. ಇದನ್ನು ಮರೆತರೆ ಆಗುವ ಹೊಡೆತ ಬರೀ ಆ ವರ್ಷದ ತೆರಿಗೆಯಲ್ಲ, ಸಂಸ್ಥೆಯ ಆಸ್ತಿಯ ಇಂದಿನ ಬೆಲೆಯಿಂದ ಸಾಲ ಕಳೆದು ಉಳಿದದ್ದರ ಮೇಲೆಯೇ ತೆರಿಗೆ ಬೀಳುವ ಸಂಭವ ಉಂಟು. ಉದ್ದೇಶ ತಿದ್ದಿದರೆ 30 ದಿನದೊಳಗೆ ಅಲ್ಲಿಗೂ ಅರ್ಜಿ ಹೋಗಬೇಕು.

ವರ್ಷದಲ್ಲಿ ಬಂದ ಆದಾಯದ ಶೇಕಡಾ 85ನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು. 10 ಲಕ್ಷ ಬಂದರೆ ಎಂಟೂವರೆ ಲಕ್ಷ. ಕಟ್ಟಡಕ್ಕೆಂದು ಕೂಡಿಡಬೇಕಾದರೆ ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ ಎಂದು ಇಲಾಖೆಗೆ ಮೊದಲೇ ತಿಳಿಸಿ ಐದು ವರ್ಷದವರೆಗೆ ಇಡಬಹುದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ಖರ್ಚು ಖರ್ಚೆಂದೇ ಎಣಿಕೆಗೆ ಬರುವುದಿಲ್ಲ, ಮೇಳದ ವೀಳ್ಯ ಕೊಡುವಾಗ ಇದು ನೆನಪಿರಲಿ. 80ಜಿ ರಿಯಾಯಿತಿಯನ್ನು ದಾನಿಗೆ ಕೊಡಿಸಬೇಕಾದರೆ ನಗದು ದಾನ 2,000 ರೂಪಾಯಿ ಮೀರಬಾರದು. ಹೊಸ ತೆರಿಗೆ ಪದ್ಧತಿಗೆ ಹೋದ ನೌಕರರಿಗೆ 80ಜಿ ಪ್ರಯೋಜನವೇ ಇಲ್ಲ, ಹಾಗಾಗಿ ನಿಮ್ಮ ದಾನಿಗಳು ಯಾರು ಎಂದು ನೋಡಿಕೊಂಡು ಅದರ ಹಿಂದೆ ಓಡಿ. ಹೆಸರಿಲ್ಲದ ಡಬ್ಬಿ ಹಣ ಒಂದು ಲಕ್ಷ ಅಥವಾ ಒಟ್ಟು ದಾನದ ಶೇಕಡಾ 5, ಯಾವುದು ಹೆಚ್ಚೋ ಅದನ್ನು ಮೀರಿದರೆ ಮೇಲಿನದ್ದಕ್ಕೆ ಶೇಕಡಾ 30 ತೆರಿಗೆ.

ಸಭಾಭವನ ಕಟ್ಟಿದ ಸಂಘಗಳು ಕಿವಿಗೊಡಿ. ಕಲೆ, ಸಂಸ್ಕೃತಿಯ ಸಂಘ ಸಾಮಾನ್ಯವಾಗಿ "ಸಾರ್ವಜನಿಕ ಉಪಯುಕ್ತತೆ" ಎಂಬ ವಿಭಾಗಕ್ಕೆ ಸೇರುತ್ತದೆ. ಈ ವಿಭಾಗದಲ್ಲಿ ವ್ಯಾಪಾರದ ಸ್ವರೂಪದ ವರಮಾನ ಒಟ್ಟು ಜಮೆಯ ಶೇಕಡಾ 20 ದಾಟಬಾರದು. ಮದುವೆಗೆ ಹಾಲ್, ಪಾತ್ರೆ, ಅಡುಗೆ, ಅಲಂಕಾರ ಎಲ್ಲ ಸೇರಿಸಿ ಬಾಡಿಗೆಗೆ ಕೊಟ್ಟು ವರ್ಷಕ್ಕೆ 6 ಲಕ್ಷ, ಸಂಘದ ಒಟ್ಟು ಜಮೆ 10 ಲಕ್ಷ ಎಂದಾದರೆ ತೊಡಕು ಬರುತ್ತದೆ. ತೆರಿಗೆಗಿಂತ ದೊಡ್ಡ ತೊಡಕು ಇನ್ನೊಂದು. ಭಾನುವಾರ ಮದುವೆ ಬುಕಿಂಗ್ ಇದ್ದರೆ ಮಕ್ಕಳ ನಾಟ್ಯ ತರಗತಿ ರದ್ದು. ಸಮಿತಿಯ ಮಾತುಕತೆ ಪೂರಾ ಜನರೇಟರ್, ಪಾರ್ಕಿಂಗ್, ಕುರ್ಚಿ. ಹಾಲ್‌ನ ಕ್ಯಾಲೆಂಡರಿನಲ್ಲಿ ತರಗತಿಯ ದಿನಗಳನ್ನು ವರ್ಷದ ಮೊದಲೇ ಕೆಂಪು ಶಾಯಿಯಲ್ಲಿ ಗುರುತಿಸಿ, ಆ ದಿನಗಳನ್ನು ಮಾರುವ ಅಧಿಕಾರ ವ್ಯವಸ್ಥಾಪಕರಿಗೆ ಬೇಡ.

ಗಲ್ಫ್ ಹಣದ ಬಗ್ಗೆ ಇಲ್ಲಿ ಎಲ್ಲರಿಗೂ ಕುತೂಹಲ. ಭಾರತದ ಪಾಸ್‌ಪೋರ್ಟ್ ಇರುವ ವ್ಯಕ್ತಿ ಅಬುಧಾಬಿಯಲ್ಲಿ ದುಡಿದು ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ತರಿಸಿ ಕಡತದಲ್ಲಿಡಿ. ಆದರೆ ಅಲ್ಲಿನ ಕನ್ನಡ ಸಂಘ ತನ್ನ ಸಂಘದ ಖಾತೆಯಿಂದ ಕಳಿಸಿದರೆ ಅದು ವಿದೇಶಿ ದೇಣಿಗೆ. ಅಮೆರಿಕದ ಪೌರತ್ವ ಪಡೆದ ನಿಮ್ಮೂರಿನ ವೈದ್ಯರು ಕಳಿಸಿದರೂ ಅಷ್ಟೇ, ಓಸಿಐ ಕಾರ್ಡ್ (ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ ಅಷ್ಟೇ. ಇದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷದಲ್ಲಿ ಉದ್ದೇಶಕ್ಕೆ 15 ಲಕ್ಷ ಖರ್ಚು ಮಾಡಿದ ದಾಖಲೆ. ಹಣ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯ ನಂತರ ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇಕಡಾ 20ರೊಳಗೆ. ಅನುಮತಿ ಇಲ್ಲದೆ ಬಂದ ಹಣ ಕಣ್ಣಿಗೆ ಬಿದ್ದರೆ ಮುಟ್ಟದೆ, ಅದೇ ದಿನ ಆಡಿಟರಿಗೆ ತಿಳಿಸಿ.

ಅನುದಾನದ ವಿಷಯ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿರಲಿ, ಇಲ್ಲಿನ ಗ್ರಂಥಾಲಯಗಳಿಗೆ ಕೇರಳ ಲೈಬ್ರರಿ ಕೌನ್ಸಿಲ್ ಇರಲಿ, ಹಣ ಬಂದ ಕೆಲಸಕ್ಕೇ ಅದು ಹೋಯಿತೆಂದು ಬಳಕೆ ಪ್ರಮಾಣಪತ್ರ ಕೊಡಲೇಬೇಕು. ಅದಕ್ಕೆ ಪ್ರತಿ ಅನುದಾನಕ್ಕೂ ಬೇರೆ ಲೆಡ್ಜರ್ ಪುಟ ತೆರೆಯಿರಿ. ಅನುದಾನ ಇದೆಯೆಂದು ಕೆಲಸ ಹುಟ್ಟಿಸುವುದು ಮಾತ್ರ ಬೇಡ. ಓದುಗರಿಲ್ಲದ ಗ್ರಂಥಾಲಯಕ್ಕೆ ಕಂಪ್ಯೂಟರ್ ತಂದು ಬಟ್ಟೆ ಹೊದೆಸಿಟ್ಟದ್ದನ್ನು ನೀವೂ ನೋಡಿರಬೇಕು. ಕನ್ನಡ ಶಾಲೆ ನಡೆಸುವವರು ಇನ್ನೊಂದು ಗಮನಿಸಿ: ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನೋಡಬೇಕೆಂದು ಸುಪ್ರೀಂ ಕೋರ್ಟಿನ 2002ರ ಟಿ.ಎಂ.ಎ. ಪೈ ತೀರ್ಪು ಹೇಳಿದೆ. ಕೇರಳದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು, ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಸಂವಿಧಾನದ 30ನೇ ವಿಧಿಯ ರಕ್ಷಣೆ ನಿಮಗುಂಟು. ಆದರೆ ಕನ್ನಡ ಭಾಷಾ ಅಲ್ಪಸಂಖ್ಯಾತರಿಗಾಗಿ ಸ್ಥಾಪಿಸಿದ್ದು ಎಂಬ ಮಾತು ಉದ್ದೇಶದ ಕಲಂನಲ್ಲಿ ಇರಬೇಕು, ಸ್ಥಾಪಿಸಿದವರೂ ನಡೆಸುವವರೂ ಆ ಸಮುದಾಯದವರೇ ಎಂದು ಕಾಗದದಲ್ಲಿ ಕಾಣಬೇಕು.

ಕೊನೆಗೆ, ಯಾರೂ ಮಾತನಾಡಲು ಇಷ್ಟಪಡದ ವಿಷಯ: ಸಂಘ ಮುಚ್ಚುವುದು. ಕಲಿಯುವ ಮಕ್ಕಳಿಲ್ಲ, ಸಮಿತಿಗೆ ಜನವಿಲ್ಲ, ಖಾತೆಯಲ್ಲಿ ಸ್ವಲ್ಪ ಹಣ, ಒಂದು ಕಪಾಟು ತುಂಬ ಹಸ್ತಪ್ರತಿ, ನಾಲ್ಕು ಪೆಟ್ಟಿಗೆ ವೇಷಭೂಷಣ. 1860ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅದಕ್ಕೆಂದೇ ಕರೆದ ಮಹಾಸಭೆಯಲ್ಲಿ ಸದಸ್ಯರ ಐದರಲ್ಲಿ ಮೂರು ಪಾಲು ಒಪ್ಪಿದರೆ ವಿಸರ್ಜನೆ. ಸರ್ಕಾರ ಸದಸ್ಯನಾಗಿದ್ದರೆ ಅಥವಾ ಹಣ ಕೊಟ್ಟಿದ್ದರೆ ಅದರ ಒಪ್ಪಿಗೆಯೂ ಬೇಕಾಗುತ್ತದೆ. ಸಾಲ ತೀರಿಸಿ ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ, ಇನ್ನೊಂದು ಸಂಘಕ್ಕೆ ಕೊಡಬೇಕು. ಯಾವ ಸಂಘಕ್ಕೆ ಎಂಬುದನ್ನು ಹಾಜರಿದ್ದವರ ಐದರಲ್ಲಿ ಮೂರು ಪಾಲಿನ ಮತ ತೀರ್ಮಾನಿಸುತ್ತದೆ, ಅಲ್ಲಿ ಒಮ್ಮತವಾಗದಿದ್ದರೆ ಕೋರ್ಟು. ಇದೇ ಉದ್ದೇಶವಿರುವ ಸಂಸ್ಥೆಗೆ ಎಂಬ ಮಾತು ಬೈಲಾದಲ್ಲಿಲ್ಲದಿದ್ದರೆ ತೆರಿಗೆ ವಿನಾಯಿತಿಯ ಅರ್ಜಿಯ ಹೊತ್ತಿಗೇ ತಕರಾರು ಬರುತ್ತದೆ, ಆದ್ದರಿಂದ ಅದನ್ನು ಈಗಲೇ ಸೇರಿಸಿ. ಹಸ್ತಪ್ರತಿ, ಕಿರೀಟ, ಭುಜಕೀರ್ತಿಗಳ ಪಟ್ಟಿಯನ್ನೂ ಈ ವರ್ಷವೇ ಮಾಡಿಡಿ. ಪ್ರತಿಯೊಂದಕ್ಕೂ ಸಂಖ್ಯೆ, ಯಾರು ಕೊಟ್ಟದ್ದು, ಯಾವ ವರ್ಷ, ಈಗ ಯಾರ ಮನೆಯಲ್ಲಿದೆ. ಈ ಕೊನೆಯ ಅಂಕಣವನ್ನು ತುಂಬಲು ಕೂತಾಗಲೇ ಎಷ್ಟು ವಸ್ತು ಸಂಘದ ಕಪಾಟಿನಲ್ಲಿ ಇಲ್ಲ ಎಂಬುದು ಗೊತ್ತಾಗುವುದು.